ಮಾತ್ರೆ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ

ಪ್ರಶ್ನೆ: ಮೈಗ್ರೇನ್‌ಗೆ ವೈದ್ಯರು ಸುಮಾಟ್ರಿಪ್ಟಾನ್ 50 ಮಿ.ಗ್ರಾಂ. ಕೊಟ್ಟಿದ್ದಾರೆ. ಕೆಲವು ಸಲ ಗಂಟೆಯೊಳಗೆ ನೋವು ಇಳಿಯುತ್ತದೆ, ಕೆಲವು ಸಲ ಏನೂ ಆಗುವುದಿಲ್ಲ. ಇನ್ನೊಂದು ನುಂಗಬಹುದೇ?

ಉತ್ತರ: ಮೊದಲು ಹೇಳಿ, ಮಾತ್ರೆ ನುಂಗುವುದು ಯಾವಾಗ? ‘ಇನ್ನೂ ಸ್ವಲ್ಪ ತಡೆದು ನೋಡೋಣ’ ಎಂದು ಕಾಯುವವರೇ ಹೆಚ್ಚು. ಮೈಗ್ರೇನ್ ಏರಿದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ಮಾತ್ರೆ ಅಲ್ಲೇ ಉಳಿದು ರಕ್ತಕ್ಕೆ ಸೇರುವುದು ತಡವಾಗುತ್ತದೆ. ಹಾಗಾಗಿ ನೋವು ಸಣ್ಣಗೆ ಶುರುವಾದಾಗಲೇ ನೀರಿನೊಂದಿಗೆ ನುಂಗಿ. ಆದರೆ ಕಣ್ಣ ಮುಂದೆ ಮಿಂಚಿನಂಥ ಗೆರೆಗಳಷ್ಟೇ ಕಾಣುತ್ತಿದ್ದರೆ ನೋವು ಆರಂಭವಾಗುವವರೆಗೆ ಕಾಯಿರಿ. ವಾಂತಿ ಜೋರಾಗಿದ್ದರೆ ಮೂಗಿನ ಸ್ಪ್ರೇ ಅಥವಾ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ.

ನೋವು ಇಳಿದು ಮತ್ತೆ ಬಂದರೆ, ಮೊದಲ ಮಾತ್ರೆ ನುಂಗಿ ಕನಿಷ್ಠ 2 ಗಂಟೆಯಾದ ನಂತರ ಎರಡನೆಯದನ್ನು ನುಂಗಬಹುದು. ಮೊದಲನೆಯದು ಏನೂ ಕೆಲಸ ಮಾಡದಿದ್ದರೆ ಅದೇ ಮಾತ್ರೆಯನ್ನು ಮತ್ತೆ ನುಂಗುವುದರಲ್ಲಿ ಹೆಚ್ಚು ಅರ್ಥವಿಲ್ಲ. ಆಗ ಏನು ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ.

ಕ್ಯಾಲೆಂಡರ್‌ನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಒಂದು ಚುಕ್ಕೆ ಇಡಿ. ತಿಂಗಳಿಗೆ 10 ಚುಕ್ಕೆ ಮುಟ್ಟುವುದು ಮೂರು ತಿಂಗಳು ಮುಂದುವರಿದರೆ, ಮಾತ್ರೆಯೇ ತಲೆನೋವು ತರಿಸತೊಡಗಬಹುದು. ಆಗ ಬೇಕಿರುವುದು ದಾಳಿಯನ್ನೇ ತಡೆಯುವ ಬೇರೆ ಔಷಧ.

ಹೃದ್ರೋಗ, ಪಾರ್ಶ್ವವಾಯು, ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರಿಗೆ ಸುಮಾಟ್ರಿಪ್ಟಾನ್ ಕೂಡದು, ಏಕೆಂದರೆ ಇದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೈಗ್ರೇನ್‌ನ ಇನ್ನೊಂದು ಔಷಧವಾದ ಎರ್ಗೋಟಮಿನ್ ತೆಗೆದುಕೊಂಡಿದ್ದರೆ 24 ಗಂಟೆ ಅಂತರ ಬೇಕೇ ಬೇಕು. ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮಾತ್ರೆಯ ನಂತರ ಎದೆ ಬಿಗಿದು ನೋವು ತೋಳಿಗೆ ಹರಿದರೆ, ಅಥವಾ ಎಂದೂ ಕಾಣದಂಥ ತಲೆನೋವು ದಿಢೀರನೆ ಹೊಡೆದರೆ ನೇರ ಆಸ್ಪತ್ರೆಗೆ ಹೋಗಿ.