ಬೈಪಾಸ್ ನಂತರ ಎದೆಬಡಿತ ತಪ್ಪುವುದನ್ನು ರಕ್ತಪರೀಕ್ಷೆ ಮೊದಲೇ ಹೇಳೀತೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಹೃದಯದ ಮೂರು ರಕ್ತನಾಳಗಳಲ್ಲಿ ಬ್ಲಾಕ್ ಇರುವುದರಿಂದ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಮ್ಮ ಪರಿಚಯದವರೊಬ್ಬರಿಗೆ ಇದೇ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಎದೆಬಡಿತ ಏರುಪೇರಾಗಿ ಮತ್ತೆ ಐಸಿಯುಗೆ ಸೇರಿಸಬೇಕಾಯಿತು. ಎನ್‌ಟಿ-ಪ್ರೊಬಿಎನ್‌ಪಿ, ಸಿಆರ್‌ಪಿ ಮೊದಲಾದ ರಕ್ತಪರೀಕ್ಷೆಗಳಿಂದ ಇದನ್ನು ಮುಂಚೆಯೇ ತಿಳಿಯಬಹುದೆಂದು ಓದಿದೆ. ಮಾಡಿಸಬೇಕೇ? ಮಟ್ಟ ಹೆಚ್ಚು ಬಂದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಒಂದು ಉದ್ದೇಶಕ್ಕಾಗಿಯೇ ಆ ಪರೀಕ್ಷೆಗಳನ್ನು ಮಾಡಿಸುವ ಅಗತ್ಯವಿಲ್ಲ, ಮಟ್ಟ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಬೈಪಾಸ್ ಮುಂದೂಡುವುದೂ ಸರಿಯಲ್ಲ.

ನಿಮ್ಮ ಪರಿಚಯದವರಿಗೆ ಆಗಿದ್ದು ಬಹುಶಃ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮಬದ್ಧವಾಗಿ ಸಂಕುಚಿಸುವುದನ್ನು ಬಿಟ್ಟು ಅದುರತೊಡಗುತ್ತವೆ, ನಾಡಿ ವೇಗವಾಗಿಯೂ ಅಡ್ಡಾದಿಡ್ಡಿಯಾಗಿಯೂ ಬಡಿಯುತ್ತದೆ. ಬೈಪಾಸ್ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಕವಾಟದ ಶಸ್ತ್ರಚಿಕಿತ್ಸೆಯೂ ಸೇರಿದರೆ ಪ್ರಮಾಣ ಇನ್ನೂ ಹೆಚ್ಚು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗಿನ ಅವಧಿಯಲ್ಲೇ ಹೆಚ್ಚಿನವರಿಗೆ ಶುರುವಾಗುವುದರಿಂದ, ಐಸಿಯುನಿಂದ ವಾರ್ಡಿಗೆ ಬಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಇದು ಎದುರಾಗಿ ಗಾಬರಿ ಹುಟ್ಟಿಸುತ್ತದೆ.

ಎನ್‌ಟಿ-ಪ್ರೊಬಿಎನ್‌ಪಿ ಎಂಬುದು ಹೃದಯದ ಸ್ನಾಯು ಹಿಗ್ಗಿದಾಗ, ಒತ್ತಡಕ್ಕೆ ಸಿಕ್ಕಾಗ ರಕ್ತಕ್ಕೆ ಬಿಡುಗಡೆಯಾಗುವ ವಸ್ತು. ಶಸ್ತ್ರಚಿಕಿತ್ಸೆಗೆ ಮುನ್ನ ಇದರ ಮಟ್ಟ ಹೆಚ್ಚಿದ್ದವರಲ್ಲಿ ಎದೆಬಡಿತ ತಪ್ಪುವುದು ಹೆಚ್ಚು ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ವಯಸ್ಸಾದಂತೆ ಈ ಮಟ್ಟ ತಾನಾಗಿಯೇ ಏರುತ್ತದೆ, ಮೂತ್ರಪಿಂಡ ದುರ್ಬಲವಾದರೂ ಏರುತ್ತದೆ, ಬೊಜ್ಜಿರುವವರಲ್ಲಿ ಹೃದಯಕ್ಕೆ ತೊಂದರೆಯಿದ್ದರೂ ಕಡಿಮೆಯೇ ಕಾಣಬಹುದು. ಲ್ಯಾಬ್ ವರದಿಗಳಲ್ಲಿ ಸಾಮಾನ್ಯವಾಗಿ ಮುದ್ರಿತವಾಗಿರುವ 125 ಎಂಬ ಗಡಿಯನ್ನು ಹೃದಯ ವೈಫಲ್ಯದ ಸಂಶಯವನ್ನು ಪರಿಶೀಲಿಸಲು ಇಟ್ಟಿದ್ದಾರೆಯೇ ಹೊರತು ಬೈಪಾಸ್ ನಂತರದ ಎದೆಬಡಿತವನ್ನು ಊಹಿಸಲು ಅಲ್ಲ. 68 ವರ್ಷದ, ಸಕ್ಕರೆ ಕಾಯಿಲೆಯಿರುವ ನಿಮ್ಮ ತಂದೆಯವರ ವರದಿ ಆ ಗಡಿಯನ್ನು ದಾಟಿ, ಸಂಖ್ಯೆ ದಪ್ಪ ಅಕ್ಷರದಲ್ಲಿ ಬಂದರೆ ಅಚ್ಚರಿಪಡಬೇಕಿಲ್ಲ.

ಗುಂಪಿಗೆ ಹೊಂದುವ ಲೆಕ್ಕ ಒಬ್ಬ ವ್ಯಕ್ತಿಗೆ ಹೊಂದುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಉದಾಹರಣೆಗೆ, ನಿಮ್ಮ ತಂದೆಯವರಂಥ ನೂರು ಜನರಲ್ಲಿ 30 ಮಂದಿಗೆ ಈ ತೊಂದರೆ ಬರುತ್ತದೆ ಎಂದುಕೊಳ್ಳೋಣ. ಸಾಧಾರಣ ಗುಣಮಟ್ಟದ ಒಂದು ಪರೀಕ್ಷೆ ಆ 30ರಲ್ಲಿ 20 ಮಂದಿಯನ್ನು ಗುರುತಿಸಿ, ಉಳಿದ 70ರಲ್ಲಿ 25 ಮಂದಿಯನ್ನು ಸುಮ್ಮನೆ ಹೆದರಿಸುತ್ತದೆ ಎನ್ನಿ. ಆಗ ‘ಅಪಾಯ ಹೆಚ್ಚು’ ಎನಿಸಿಕೊಂಡ 45 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ‘ಅಪಾಯ ಕಡಿಮೆ’ ಎನಿಸಿಕೊಂಡ 55 ಮಂದಿಯಲ್ಲಿ 10 ಮಂದಿಗೆ ಆಗಿಯೇ ಆಗುತ್ತದೆ. ಇದು ವಿವರಣೆಗಾಗಿ ಹಾಕಿದ ಲೆಕ್ಕ. ಆದರೂ ಈಗ ಲಭ್ಯವಿರುವ ಸೂಚಕಗಳ ಸಾಮರ್ಥ್ಯ ಬಹುಮಟ್ಟಿಗೆ ಇಷ್ಟೇ. ವರದಿ ಚೆನ್ನಾಗಿದೆಯೆಂದು ಯಾವ ವೈದ್ಯರೂ ಮಾನಿಟರ್ ತೆಗೆದುಹಾಕಲಾರರು. ಇಷ್ಟಕ್ಕೂ ವಯಸ್ಸು ಮತ್ತು ಎಕೋದಲ್ಲಿ ಕಾಣುವ ಎಡ ಹೃತ್ಕರ್ಣದ ಗಾತ್ರ, ಇವೆರಡೇ ಹೇಳಬೇಕಾದುದರಲ್ಲಿ ಬಹುಪಾಲನ್ನು ಹೇಳಿಬಿಟ್ಟಿರುತ್ತವೆ.

ದೇಹದಲ್ಲಿನ ಉರಿಯೂತವನ್ನು ಸೂಚಿಸುವ ಸಿಆರ್‌ಪಿಯ ಕಥೆ ಇನ್ನೂ ಸ್ವಾರಸ್ಯಕರ. ಎದೆಯ ಮೂಳೆ ಸೀಳಿದ ಮೇಲೆ ಉರಿಯೂತ ಎಲ್ಲರಲ್ಲೂ ಏರುತ್ತದೆ, ಎರಡು ಮೂರನೆಯ ದಿನ ತುದಿ ಮುಟ್ಟುತ್ತದೆ. ಎದೆಬಡಿತ ತಪ್ಪುವುದೂ ಅದೇ ದಿನಗಳಲ್ಲಿ. ಹಾಗಾದರೆ ಉರಿಯೂತವನ್ನು ತಗ್ಗಿಸಿದರೆ ತೊಂದರೆಯೂ ತಗ್ಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಚೀನಾದಲ್ಲಿ 1,922 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ರೋಸುವಾಸ್ಟಾಟಿನ್ ಮಾತ್ರೆ ಕೊಟ್ಟಾಗ ಸಿಆರ್‌ಪಿ ಇಳಿಯಿತು, ಎದೆಬಡಿತದ ತೊಂದರೆ ಮಾತ್ರ ಇಳಿಯಲಿಲ್ಲ: ಮಾತ್ರೆ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 20.5. ಮೇಲಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಮಾತ್ರೆ ಪಡೆದವರಲ್ಲೇ ಹೆಚ್ಚಾಯಿತು. ರಕ್ತದಲ್ಲಿನ ಸಂಖ್ಯೆಯನ್ನು ಸರಿಪಡಿಸುವುದು ರೋಗಿಯನ್ನು ಸರಿಪಡಿಸಿದಂತಲ್ಲ ಎಂಬುದಕ್ಕೆ ನಾನು ಕಿರಿಯ ವೈದ್ಯರಿಗೆ ಕೊಡುವ ಉದಾಹರಣೆ ಇದು. (ಕೊಲೆಸ್ಟರಾಲ್‌ಗಾಗಿ ತಂದೆಯವರು ಈಗಾಗಲೇ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ, ಅದರ ಪ್ರಯೋಜನ ಬೇರೆ.)

ಹೃದಯದ ಗಾಯದ ನಾರನ್ನು ಸೂಚಿಸುವ ಗ್ಯಾಲೆಕ್ಟಿನ್-3, ಎಸ್‌ಟಿ2 ಮೊದಲಾದ ರಕ್ತಪರೀಕ್ಷೆಗಳು ಈ ಉದ್ದೇಶಕ್ಕೆ ಸದ್ಯ ಸಂಶೋಧನೆಯ ಮಟ್ಟದಲ್ಲಿವೆ.

ಪೊಟ್ಯಾಸಿಯಂ ಮಾತ್ರ ಚಿಕಿತ್ಸೆಗೆ ನೇರವಾಗಿ ಒದಗುವ ಪರೀಕ್ಷೆ. ಅದನ್ನು ನೀವು ಕೇಳದಿದ್ದರೂ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ನೋಡುತ್ತಾರೆ. ಎದೆಬಡಿತ ತಪ್ಪದಿರಲೆಂದು, ಮಟ್ಟ 4.5ಕ್ಕಿಂತ ಕೆಳಗಿಳಿದರೆ ಸಾಕು, ಪೊಟ್ಯಾಸಿಯಂ ಕೊಟ್ಟುಬಿಡಬೇಕು ಎಂಬ ವಾಡಿಕೆ ಬಹುಕಾಲ ಇತ್ತು. ಬ್ರಿಟನ್ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ ಬೈಪಾಸ್ ಆದ 1,690 ರೋಗಿಗಳ ಮೇಲೆ ನಡೆದು 2024ರಲ್ಲಿ ಹೊರಬಂದ ಪ್ರಯೋಗದ ಪ್ರಕಾರ, 3.6ಕ್ಕಿಂತ ಇಳಿದಾಗಷ್ಟೇ ಕೊಟ್ಟರೂ ಫಲಿತಾಂಶದಲ್ಲಿ ಹಿನ್ನಡೆಯಾಗಲಿಲ್ಲ.

ಪರೀಕ್ಷೆಗೆ ಖರ್ಚು ಮಾಡುವ ಬದಲು ಮನೆಯವರು ಗಮನ ಕೊಡಬೇಕಾದದ್ದು ಮಾತ್ರೆಗಳ ಪಟ್ಟಿಗೆ. ತಂದೆಯವರು ಎದೆಬಡಿತದ ವೇಗ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಥಟ್ಟನೆ ನಿಲ್ಲಿಸುವುದೇ ಎದೆಬಡಿತ ತಪ್ಪಲು ಒಂದು ಕಾರಣವಾಗಬಲ್ಲದು. ‘ಆಪರೇಷನ್ ದಿನ ಏನೂ ಕೊಡಬಾರದು’ ಎಂದು ನೀವೇ ತೀರ್ಮಾನಿಸದೆ, ಆ ದಿನ ಬೆಳಿಗ್ಗೆ ಯಾವ ಮಾತ್ರೆ ಕೊಡಬೇಕೆಂದು ಅರಿವಳಿಕೆ ತಜ್ಞರಿಂದ ಬರೆಸಿಕೊಳ್ಳಿ. ಹಿಂದೆ ಎಂದಾದರೂ ಎದೆ ಡವಡವ ಬಡಿದದ್ದು, ಥೈರಾಯ್ಡ್, ಆಸ್ತಮಾ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಅದನ್ನೂ ತಿಳಿಸಿ. ಅಪಾಯ ಹೆಚ್ಚೆನಿಸಿದರೆ ಎದೆಬಡಿತದ ಲಯ ಕಾಯುವ ಅಮಿಯೊಡರಾನ್ ಮಾತ್ರೆಯನ್ನು ಕೆಲವು ದಿನ ಮೊದಲೇ ಆರಂಭಿಸುವ ಕ್ರಮವೂ ಉಂಟು. ಹೃದಯದ ಸುತ್ತಲಿನ ಚೀಲದ ಹಿಂಭಾಗದಲ್ಲಿ ಶಸ್ತ್ರಚಿಕಿತ್ಸಕರು ಸಣ್ಣ ಸೀಳು ಮಾಡಿ, ಅಲ್ಲಿ ನಿಲ್ಲುವ ರಕ್ತ ಎಡ ಎದೆಗೂಡಿನತ್ತ ಹರಿದುಹೋಗುವಂತೆ ಮಾಡಿದಾಗ ತೊಂದರೆ ಶೇ 32ರಿಂದ ಶೇ 17ಕ್ಕೆ ಇಳಿದದ್ದು ನ್ಯೂಯಾರ್ಕ್‌ನಲ್ಲಿ 420 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡುಬಂದಿದೆ. ಇದು ಅವರಿಗೆ ಸೂಕ್ತವೇ ಎಂದು ಶಸ್ತ್ರಚಿಕಿತ್ಸಕರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಪರೀಕ್ಷೆಯನ್ನು ಈಗಾಗಲೇ ಮಾಡಿಸಿದ್ದರೆ ವರದಿಯನ್ನು ವೈದ್ಯರಿಗೆ ತೋರಿಸಿ. ಮಟ್ಟ ತೀರಾ ಹೆಚ್ಚಿದ್ದರೆ ಹೃದಯ ರಕ್ತವನ್ನು ಹೊರದೂಡುವ ಶಕ್ತಿಯನ್ನೂ ಕವಾಟಗಳನ್ನೂ ಎಕೋದಲ್ಲಿ ಮತ್ತೊಮ್ಮೆ ನೋಡುವುದು ಉಚಿತ.

ತೊಂದರೆ ಬಂದರೂ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಲಯ ಸರಿಹೋಗುತ್ತದೆ. ಅದು ಮುಂದುವರಿದರೆ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಸಾಧ್ಯತೆಯಿರುವುದರಿಂದ, ರಕ್ತ ತೆಳುವಾಗಿಸುವ ಮಾತ್ರೆ ಬೇಕೇ, ಎಷ್ಟು ಕಾಲ ಬೇಕು ಎಂಬುದನ್ನು ಹೊಸ ಗಾಯದಿಂದ ರಕ್ತಸ್ರಾವವಾಗುವ ಭಯದೊಂದಿಗೆ ತೂಗಿ ವೈದ್ಯರು ನಿರ್ಧರಿಸುತ್ತಾರೆ. ಮನೆಗೆ ಬಂದ ಮೇಲೆ ಮೊದಲ ಕೆಲವು ವಾರ ದಿನವೂ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಬಡಿತಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ ಅಥವಾ ವಿಶ್ರಾಂತಿಯಲ್ಲೂ ನಾಡಿ ಬಹಳ ವೇಗವಾಗಿದ್ದರೆ ಅಂದೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ತಲೆಸುತ್ತು, ಉಬ್ಬಸ, ಮಾತು ತೊದಲುವುದು ಜೊತೆಗಿದ್ದರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.