ಡಾರ್ಟ್‌ಮಂಡ್‌ನಲ್ಲಿ ನಮ್ಮ ಪಕ್ಷ ಯಾವುದು?

ತಮ್ಮಾ, ಜರ್ಮನಿಯ ಡಾರ್ಟ್‌ಮಂಡ್‌ಗೆ ಬಂದು ಎರಡು ತಿಂಗಳಾಯಿತು ಅಂತ ಬರೆದಿದ್ದೀಯ. ಬಾಡಿಗೆ ಮನೆ, ಅಕ್ಕಿ ಎಲ್ಲ ಕೇಳಿ ಕೊನೆಗೆ, "ಇಲ್ಲಿನ ಸೋಷಿಯಲ್ ಡೆಮಾಕ್ರಾಟರು, ಎಸ್‌ಪಿಡಿ, ಕಾರ್ಮಿಕರ ಪಕ್ಷ, ನಮ್ಮಂಥವರ ಪರ ಅನ್ನುತ್ತಾರೆ. ಮತ್ತೆ ಅವರ ಕೋಟೆಯಾದ ಈ ಊರಲ್ಲೇ ಯಾಕೆ ಸೋತರು?" ಅಂತ ಕೇಳಿದ್ದೀಯ.

ಮನೆ ಸಿಗೋದು ನಿಧಾನ. ಮೂರು ತಿಂಗಳ ಸಂಬಳದ ಚೀಟಿ ಇಟ್ಟುಕೊಂಡಿರು.

ನಾನು ಬಂದಿದ್ದು 2001ರಲ್ಲಿ, ಗ್ರೀನ್ ಕಾರ್ಡ್ ಮೇಲೆ. ಅಮೆರಿಕದ್ದಲ್ಲ, ಎಸ್‌ಪಿಡಿಯ ಚಾನ್ಸಲರ್ ಶ್ರೋಡರ್ 2000ದಲ್ಲಿ ವಿದೇಶಿ ಕಂಪ್ಯೂಟರ್ ಕೆಲಸದವರಿಗಾಗಿ ತಂದ ಪರವಾನಗಿ. ಅದೇ 2000ದಲ್ಲಿ ನಮ್ಮ ಈ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯಲ್ಲಿ ಎದುರಾಳಿ ಪಕ್ಷ ಸಿಡಿಯು ಕಡೆಯಿಂದ 'ಕಿಂಡರ್ ಸ್ಟಾಟ್ ಇಂಡರ್' ಅನ್ನೋ ಕೂಗು ಎದ್ದಿತ್ತು. ಇಂಡಿಯನ್ನರು ಬೇಡ, ನಮ್ಮ ಮಕ್ಕಳಿಗೇ ಕಲಿಸೋಣ ಅಂತ. ಅವರು ಸೋತರು. ಹಾಗಾಗಿ ಎಸ್‌ಪಿಡಿ ಅಂದರೆ ನನಗೆ ಬಾಗಿಲು ತೆಗೆದ ಪಕ್ಷ.

1998ರಲ್ಲಿ ಶ್ರೋಡರ್ ಗೆದ್ದಿದ್ದು 'ಹೊಸ ಮಧ್ಯಮ' ಅನ್ನೋ ಮಾತಿನ ಮೇಲೆ. ಕಾರ್ಖಾನೆಯವರ ಓಟು ಹೇಗೂ ನಮ್ಮದೇ, ಆಫೀಸಿನವರನ್ನೂ ಎಳೆದುಕೊಳ್ಳೋಣ ಅನ್ನೋ ಲೆಕ್ಕ. ಶೇ. 40.9 ಬಂತು. 2003ರಲ್ಲಿ 'ಅಜೆಂಡಾ 2010' ಅಂತ ಕೆಲಸ, ಭತ್ಯೆಯ ನಿಯಮ ಬದಲಿಸೋ ಸುಧಾರಣೆ ತಂದರು. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ನಾನು ನಮ್ಮ ಮೆಟ್ಟಿಲ ಮೇಲೇ ನೋಡಿದೆ.

ನೀನು ವಾಕಿಂಗ್ ಹೋಗುವ ಫೀನಿಕ್ಸ್ ಕೆರೆ ಇದೆಯಲ್ಲ, ಅಲ್ಲಿ ಉಕ್ಕಿನ ಕಾರ್ಖಾನೆ ಇತ್ತು. ನಾನು ಬಂದ ವರ್ಷವೇ ಮುಚ್ಚಿತು. ಚೀನಾದವರು ಬಂದು ಒಂದೊಂದೇ ಬಿಚ್ಚಿ ಸಾಗಿಸಿದರು. ನಮ್ಮ ಕೆಳಗಿನ ಮನೆಯವರು ಅಲ್ಲೇ ಮೂವತ್ತು ವರ್ಷ ದುಡಿದವರು. ಚುನಾವಣೆ ಬಂದರೆ ಶನಿವಾರದ ಸಂತೆಯಲ್ಲಿ ಎಸ್‌ಪಿಡಿಯ ಕೆಂಪು ಗುಲಾಬಿ ಹಂಚುತ್ತಿದ್ದರು. ತಮ್ಮ ತೋಟದ ಟೊಮೆಟೊ ಡಬ್ಬಿಯಲ್ಲಿ ತುಂಬಿ ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಒಮ್ಮೆ ಪಕ್ಷದ ಸದಸ್ಯತ್ವದ ಫಾರಂ ಕೂಡ ಇಟ್ಟರು. ಅದಕ್ಕೆ ಇಲ್ಲಿ ಪೌರತ್ವ ಬೇಕಿಲ್ಲ.

ಆ ಅಜೆಂಡಾದ ಭಾಗವಾಗಿ 2005ರ ಜನವರಿಯಿಂದ ಹಾರ್ಟ್ಸ್ ಫೋರ್ ಅನ್ನೋ ನಿರುದ್ಯೋಗ ಭತ್ಯೆಯ ಹೊಸ ನಿಯಮ ಬಂತು. ಮುಂಚೆ ಕೆಲಸ ಹೋದವರಿಗೆ ಹಳೇ ಸಂಬಳದ ಲೆಕ್ಕದಲ್ಲಿ ವರ್ಷಗಟ್ಟಲೆ ಭತ್ಯೆ ಸಿಗುತ್ತಿತ್ತು. ಈ ನಿಯಮದಲ್ಲಿ ಅದು ಸ್ವಲ್ಪ ಕಾಲ ಅಷ್ಟೇ, ಆಮೇಲೆ ಹಳೇ ಸಂಬಳ ಎಷ್ಟಿದ್ದರೂ ಒಂಟಿಯಾಗಿ ಇರೋರಿಗೆ ಇಲ್ಲಿ ತಿಂಗಳಿಗೆ 345 ಯೂರೋ, ಮೇಲೆ ಬಾಡಿಗೆ ಸಿಗುತ್ತಿತ್ತು. ಅದಕ್ಕೂ ಉಳಿತಾಯದ ಲೆಕ್ಕ ಕೊಡಬೇಕಿತ್ತು. ಆ ದಪ್ಪ ಅರ್ಜಿ ಹಿಡಿದು ಕೆಳಗಿನ ಮನೆಯವರು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಆಫೀಸಿನಲ್ಲಿ ಕಲಿತ ಜರ್ಮನ್‌ನಲ್ಲಿ, "ಸುಧಾರಣೆ ಆಗಲೇಬೇಕಲ್ವಾ?" ಅಂದುಬಿಟ್ಟೆ. ಅವರು ಅರ್ಜಿ ಮಡಚಿಕೊಂಡು ಒಳಗೆ ಹೋದರು. ಆಮೇಲೂ ಟೊಮೆಟೊ ಬಂತು, ಮಾತು ಮಾತ್ರ ಮಳೆ, ಚಳಿಗೆ ನಿಂತಿತು. ಪಕ್ಷದ ಸದಸ್ಯತ್ವದ ಪುಸ್ತಕ ವಾಪಸ್ ಕೊಟ್ಟರು ಅಂತ ಅವರ ಹೆಂಡತಿಯಿಂದ ಗೊತ್ತಾಯಿತು. ದಾವಣಗೆರೆಯಲ್ಲಿ ಮಿಲ್ ಮುಚ್ಚಿದಾಗ ನಮ್ಮಪ್ಪನ ಎದುರು ಯಾರಾದರೂ ಹೀಗಂದಿದ್ದರೆ? ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆ ವರ್ಷದ ಮೇ ತಿಂಗಳಲ್ಲೇ, 39 ವರ್ಷ ಆಳಿದ ಈ ರಾಜ್ಯ ಎಸ್‌ಪಿಡಿಯ ಕೈತಪ್ಪಿತು. 2021ರ ದೇಶದ ಚುನಾವಣೆಯಲ್ಲಿ ಎಸ್‌ಪಿಡಿಯ ಶೋಲ್ಜ್ 'ಗೌರವ' ಅಂತ ಪೋಸ್ಟರ್ ಹಾಕಿ, ಗಂಟೆಗೆ 12 ಯೂರೋ ಕನಿಷ್ಠ ಕೂಲಿ ಕೊಡುತ್ತೇವೆ ಅಂದು ಶೇ. 25.7 ತಂದರು. ಹೋದವರನ್ನು ಕರೆಯುವ ದಾರಿ ಅದು. 2025ರಲ್ಲಿ ಮತ್ತೆ ಕುಸಿದು ಶೇ. 16.4. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, 1946ರಿಂದ ಕೈಯಲ್ಲಿದ್ದ ಡಾರ್ಟ್‌ಮಂಡ್ ಮೇಯರ್ ಕುರ್ಚಿಯೂ ಸಿಡಿಯು ಪಾಲಾಯಿತು. ಕಾರಣ ಇನ್ನೂ ಇವೆ. ನನಗೆ ಮೊದಲು ನೆನಪಾಗೋದು ಆ ಮೆಟ್ಟಿಲು.

2013ರಲ್ಲಿ ಸಿಡಿಯುನ ಚಾನ್ಸಲರ್ ಮರ್ಕೆಲ್ ಜೊತೆ ಸರ್ಕಾರ ಸೇರಬೇಕಾ ಅಂತ ಎಸ್‌ಪಿಡಿ ತನ್ನ ಸದಸ್ಯರನ್ನೇ ಕೇಳಿತು. ವಿದೇಶಿ ಸದಸ್ಯರೂ ಮತ ಹಾಕಬಹುದಿತ್ತು. ನನ್ನ ಫಾರಂ ಡ್ರಾಯರ್‌ನಲ್ಲೇ ಇತ್ತು.

ಅಕ್ಕಿ ತಮಿಳರ ಅಂಗಡಿಯಲ್ಲಿ ಸಿಗುತ್ತದೆ. ಕೆಳಗಿನ ಮನೆಯವರು ಟೊಮೆಟೊ ಕೊಟ್ಟರೆ ಡಬ್ಬಿ ಖಾಲಿ ಕಳಿಸಬೇಡ, ಸಾರು ಮಾಡಿ ಕೊಡು. ಖಾರ ಕಮ್ಮಿ ಇರಲಿ.