ರಾಯಚೂರು ಕಡೆ ಹೊಲದ ಕೆಲಸಕ್ಕೆ ಹೆಂಗಸರಿಗೆ ಕೂಲಿ ಕಡಿಮೆ ಯಾಕೆ?

ಹೆಂಗಸರು ಕಡಿಮೆ ದುಡಿಯುತ್ತಾರೆ ಅಂತ ಅಲ್ಲ. ಅವರ ಪಾಲಿಗೆ ಬಿಟ್ಟ ಕೆಲಸಕ್ಕೇ ರೇಟು ಕಡಿಮೆ ಕಟ್ಟಿರುತ್ತಾರೆ.

ಊರಲ್ಲಿ ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಅಂತ ಎರಡು ಲೆಕ್ಕ. ಔಷಧ ಹೊಡೆಯುವುದು, ಗೊಬ್ಬರದ ಚೀಲ ಹೊರುವುದು ಗಂಡಸರದ್ದು. ಕಳೆ ತೆಗೆಯುವುದು, ಭತ್ತದ ನಾಟಿ, ಹತ್ತಿ ಬಿಡಿಸುವುದು ಹೆಚ್ಚಾಗಿ ಹೆಂಗಸರದ್ದು. ಚೀಲ ಹೊರುವುದು ಭಾರದ ಕೆಲಸ, ದಿನವಿಡೀ ಕೆಸರಲ್ಲಿ ಬಗ್ಗಿ ನಾಟಿ ಹಚ್ಚುವುದು ಹಗುರದ್ದಂತೆ! ಸಿಂಧನೂರು ಕಡೆಯ ಗದ್ದೆಗೆ ಒಂದು ದಿನ ಇಳಿದವರು ಈ ಮಾತು ಹೇಳಲ್ಲ ಬಿಡಿ.

ಹತ್ತಿಗೆ ಸಾಮಾನ್ಯವಾಗಿ ಕೆಜಿ ಲೆಕ್ಕ. ಮೊದಲ ಸಲ ಬಿಡಿಸುವಾಗ ಕಾಯಿ ತುಂಬಾ ಒಡೆದಿರುತ್ತವೆ, ಉಡಿ ಬೇಗ ತುಂಬುತ್ತದೆ. ಕೊನೆಯ ಸಲ ಗಿಡಕ್ಕೆ ನಾಲ್ಕಾರು ಕಾಯಿ. ಒಣಗಿದ ಸಿಪ್ಪೆಯ ಮೊನೆ ಬೆರಳಿಗೆ ಚುಚ್ಚುವುದು ಮಾತ್ರ ಮೊದಲಿನಷ್ಟೇ. ರೇಟು ಏರಿಸದಿದ್ದರೆ ಅವತ್ತಿನ ಕೂಲಿ ಗಿಟ್ಟುವುದಿಲ್ಲ.

ಹಾಗಾದ್ರೆ ಜಾಸ್ತಿ ಕೇಳಬಹುದಲ್ವಾ? ಗಂಡಸು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗ್ತೀನಿ ಅಂದರೆ ಹೊಲದ ಮಾಲೀಕ ನಾಲ್ಕು ಕಾಸು ಏರಿಸುತ್ತಾನೆ. ಮನೆಮಂದಿ ಎಲ್ಲ ಗುಳೆ ಹೋದರೆ ಸರಿ, ಇಲ್ಲದಿದ್ದರೆ ಹೆಂಗಸು ಸಂಜೆಗೆ ಮನೆ ಸೇರಿ ರೊಟ್ಟಿ ಬಡಿಯಲೇಬೇಕು. ಟಂಟಂ ಆಟೋ ಹೋಗಿ ಬರುವಷ್ಟು ದೂರದಲ್ಲೇ ಅವಳಿಗೆ ಕೆಲಸ. ಅದು ಮಾಲೀಕನಿಗೂ ಗೊತ್ತು.

ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಆದರೆ ಅದು ಹೇಳಿದ್ದು ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಅಂತ. ಕೆಲಸವನ್ನೇ ಬೇರೆ ಮಾಡಿಟ್ಟರೆ ತಪ್ಪು ಹಿಡಿಯುವುದು ಕಷ್ಟ. ಉದ್ಯೋಗ ಖಾತ್ರಿಯಲ್ಲಿ ಹೆಣ್ಣಿಗೂ ಗಂಡಿಗೂ ದರ ಒಂದೇ. ಕೆರೆ ಹೂಳೆತ್ತುವ ಕಡೆ ಹೆಂಗಸರೇ ಜಾಸ್ತಿ ಕಾಣುವುದಕ್ಕೆ ಅದೂ ಒಂದು ಕಾರಣ.